ಬೋರ್ ಮಾಡಿಸಿದ ಎಂಜಿನ್ ‘ಓಡ್ತಾ ಓಡ್ತಾ ಸೆಟ್ ಆಗುತ್ತೆ’ ಅನ್ನುವುದು ಎಷ್ಟು ನಿಜ?

ಹಳೆಯ ಗಾಡಿಯ ಎಂಜಿನ್ ಬಿಚ್ಚಿಸಿ, ಸಿಲಿಂಡರ್ ಬೋರ್ ಮಾಡಿಸಿ, ಹೊಸ ಪಿಸ್ಟನ್, ಹೊಸ ರಿಂಗ್ ಹಾಕಿಸಿ ಮನೆಗೆ ತಂದಿದ್ದೀರಿ. ಖರ್ಚು ಚೆನ್ನಾಗಿಯೇ ಕೈ ಕಚ್ಚಿದೆ. ಆದರೆ ಗಾಡಿ ಮೊದಲಿಗಿಂತ ಕೆಟ್ಟದಾಗಿ ಓಡುತ್ತಿದೆ. ಸಿಗ್ನಲ್‌ನಲ್ಲಿ ನಿಂತರೆ ನಡುಗುತ್ತದೆ, ಆಕ್ಸಿಲರೇಟರ್ ತುಳಿದರೆ ಮುಗ್ಗರಿಸುತ್ತದೆ, ಸೈಲೆನ್ಸರ್‌ನಿಂದ ಆಗಾಗ ‘ಪಟ್’ ಎಂಬ ಸದ್ದು ಬರುತ್ತದೆ. ಕೇಳಲು ಹೋದರೆ ಬರುವ ಉತ್ತರ ಬಹುಪಾಲು ಒಂದೇ: “ಸಾರ್, ಹೊಸ ರಿಂಗು, ಸ್ವಲ್ಪ ಟೈಟ್ ಇರುತ್ತೆ. ಸಾವಿರ ಕಿಲೋಮೀಟರ್ ಓಡಿಸಿ, ತಾನಾಗೇ ಸೆಟ್ ಆಗುತ್ತೆ.”

ಈ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹೊಸ ಎಂಜಿನ್‌ನಲ್ಲಿ ಓಡುತ್ತಾ ಓಡುತ್ತಾ ಸರಿಹೋಗುವ ಸಂಗತಿಗಳು ಕೆಲವು ಇವೆ. ಆದರೆ ಮಿಸ್ ಹೊಡೆಯುವುದು, ನಡುಗುವುದು, ಬ್ಯಾಕ್‌ಫೈರ್ ಆಗುವುದು ಆ ಪಟ್ಟಿಯಲ್ಲಿಲ್ಲ. ಅವನ್ನು ಇಟ್ಟುಕೊಂಡೇ ಸಾವಿರ ಕಿಲೋಮೀಟರ್ ಓಡಿಸಿದರೆ ಹೊಸದಾಗಿ ಮಾಡಿಸಿದ ಕೆಲಸವೇ ಹಾಳಾಗಬಹುದು. ಯಾವುದು ಸೆಟ್ ಆಗುತ್ತದೆ, ಯಾವುದು ಆಗುವುದಿಲ್ಲ, ಎಂಜಿನ್ ಮತ್ತೆ ಬಿಚ್ಚುವ ಮೊದಲು ಯಾವ ಕ್ರಮದಲ್ಲಿ ಏನೇನು ನೋಡಬೇಕು ಎಂಬುದನ್ನು ನೋಡೋಣ.

ಉದಾಹರಣೆಗೆ ಒಂದು ಗಾಡಿ ಇರಲಿ. ಅಕ್ಕಿಪೇಟೆಯ ಅಂಗಡಿಯೊಂದಕ್ಕೆ ಮಾಲು ತರುವ, ಕಾರ್ಬೊರೇಟರ್ ಇರುವ ಹಳೆಯ ಮಾರುತಿ ಓಮ್ನಿ ಎಂದುಕೊಳ್ಳೋಣ. ಮೂರು ಸಿಲಿಂಡರ್, 796 ಸಿ.ಸಿ. ಮಾರುತಿ 800 ಕಾರಿನದೂ ಇದೇ ಕುಟುಂಬದ ಎಂಜಿನ್. ಇಲ್ಲಿ ಹೇಳುವ ವಿಷಯ ಅಂಬಾಸಿಡರ್, ಪದ್ಮಿನಿಯಿಂದ ಹಿಡಿದು ಇಂದಿನ ಪೆಟ್ರೋಲ್ ಕಾರುಗಳವರೆಗೆ ಎಲ್ಲಕ್ಕೂ ಅನ್ವಯಿಸುತ್ತದೆ.

ಎಂಜಿನ್‌ಗೆ ಬೇಕಾದದ್ದು ನಾಲ್ಕೇ

ಪೆಟ್ರೋಲ್ ಎಂಜಿನ್ ಚೆನ್ನಾಗಿ ಓಡಲು ನಾಲ್ಕು ಸಂಗತಿಗಳು ಬೇಕು. ಸರಿಯಾದ ಅಳತೆಯಲ್ಲಿ ಬೆರೆತ ಗಾಳಿ ಮತ್ತು ಪೆಟ್ರೋಲ್, ಆ ಮಿಶ್ರಣವನ್ನು ಸೋರದಂತೆ ಅದುಮುವ ಒತ್ತಡ ಅಂದರೆ ಕಂಪ್ರೆಷನ್, ಗಟ್ಟಿಯಾದ ಕಿಡಿ, ಮತ್ತು ಇವೆಲ್ಲ ಆಗಬೇಕಾದ ಗಳಿಗೆಯಲ್ಲೇ ಆಗುವುದು, ಅಂದರೆ ಟೈಮಿಂಗ್.

ನಮ್ಮ ಓಮ್ನಿ ಐಡ್ಲಿಂಗ್‌ನಲ್ಲಿ ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆ ಎಂದುಕೊಂಡರೆ, ಪ್ರತಿ ಸಿಲಿಂಡರ್‌ನಲ್ಲಿ ಎರಡು ಸುತ್ತಿಗೊಮ್ಮೆ ಮಿಶ್ರಣ ಉರಿಯಬೇಕು. ಮೂರೂ ಸಿಲಿಂಡರ್ ಸೇರಿದರೆ ನಿಮಿಷಕ್ಕೆ 1,200 ಸಲ, ಸೆಕೆಂಡಿಗೆ 20 ಸಲ. ಒಂದು ಸಿಲಿಂಡರ್ ಕೈಕೊಟ್ಟರೆ ಇಪ್ಪತ್ತರಲ್ಲಿ ಆರೇಳು ಏಟು ಇಲ್ಲವಾಗುತ್ತವೆ. ಶಕ್ತಿಯ ಮೂರನೇ ಒಂದು ಭಾಗ ಹೋದ ಹಾಗೆ. ನಾಲ್ಕು ಸಿಲಿಂಡರ್‌ನ ಗಾಡಿಗಿಂತ ಮೂರು ಸಿಲಿಂಡರ್‌ನ ಗಾಡಿ ಮಿಸ್ ಹೊಡೆದಾಗ ಹೆಚ್ಚು ಕುಣಿಯುವುದು ಈ ಕಾರಣಕ್ಕೆ.

ಎಂಜಿನ್ ರಿಪೇರಿಯಲ್ಲಿ ಈ ನಾಲ್ಕಕ್ಕೂ ಕೈ ಬಿದ್ದಿರುತ್ತದೆ. ಕಾರ್ಬೊರೇಟರ್ ಕಳಚಿರುತ್ತಾರೆ, ಹೆಡ್ ಇಳಿಸಿರುತ್ತಾರೆ, ಪ್ಲಗ್ ವೈರ್ ಎಳೆದಿರುತ್ತಾರೆ, ಟೈಮಿಂಗ್ ಬೆಲ್ಟ್ ತೆಗೆದಿರುತ್ತಾರೆ. ಗಾಡಿ ಗ್ಯಾರೇಜಿಗೆ ಹೋಗುವಾಗ ಇಲ್ಲದ ದೋಷ ಬರುವಾಗ ಇದ್ದರೆ, ಅದು ಬಿಚ್ಚಿ ಜೋಡಿಸಿದ ಜಾಗದಲ್ಲೇ ಇರುವ ಸಾಧ್ಯತೆ ಹೆಚ್ಚು. ಹುಡುಕಾಟಕ್ಕೆ ಇದೇ ದಾರಿದೀಪ.

ಸೆಟ್ ಆಗುವುದು ಏನು?

ಬೋರ್ ಮಾಡಿದ ಸಿಲಿಂಡರ್‌ನ ಒಳಗೋಡೆ ಕನ್ನಡಿಯಂತೆ ನುಣುಪಾಗಿರುವುದಿಲ್ಲ. ಹೋನಿಂಗ್ ಕಲ್ಲಿನಿಂದ ಅಡ್ಡಡ್ಡ ಸಣ್ಣ ಗೀರುಗಳನ್ನು ಬೇಕೆಂದೇ ಉಳಿಸಿರುತ್ತಾರೆ. ಗೀರುಗಳ ತಗ್ಗಿನಲ್ಲಿ ಆಯಿಲ್ ನಿಲ್ಲುತ್ತದೆ, ಅವುಗಳ ಏಣುಗಳು ಹೊಸ ರಿಂಗ್‌ನ ಅಂಚನ್ನು ಮೆಲ್ಲಗೆ ತೇಯುತ್ತವೆ. ಹೀಗೆ ರಿಂಗ್ ಮತ್ತು ಗೋಡೆ ಒಂದಕ್ಕೊಂದು ಹೊಂದಿಕೊಂಡ ಮೇಲೆ ಗಾಳಿ ಸೋರುವುದು ಕಡಿಮೆಯಾಗುತ್ತದೆ, ಆಯಿಲ್ ಮೇಲೇರಿ ಉರಿಯುವುದೂ ಕಡಿಮೆಯಾಗುತ್ತದೆ. ಮೆಕ್ಯಾನಿಕ್‌ಗಳು ‘ಸೆಟ್ ಆಗುವುದು’ ಎನ್ನುವುದು ಇದಕ್ಕೇ.

ಹಾಗಾಗಿ ಮೊದಲ ಕೆಲವು ನೂರು ಕಿಲೋಮೀಟರ್ ಎಂಜಿನ್ ಸ್ವಲ್ಪ ಬಿಗಿ ಎನಿಸುವುದು, ಆಯಿಲ್ ಕೊಂಚ ಇಳಿಯುವುದು, ಮೈಲೇಜ್ ತುಸು ಕಡಿಮೆ ಬರುವುದು ಸಹಜ. ಜೋಡಿಸುವಾಗ ಒಳಗೆ ಸವರಿದ ಆಯಿಲ್ ಉರಿದು ಮೊದಲ ಕೆಲವು ನಿಮಿಷ ನೀಲಿ ಹೊಗೆ ಬರುವುದೂ ಸಹಜವೇ. ಇವೆಲ್ಲ ಮೂರೂ ಸಿಲಿಂಡರ್‌ನಲ್ಲಿ ಸುಮಾರು ಸಮನಾಗಿ ಆಗುವ ಬದಲಾವಣೆಗಳು. ಅದರಿಂದ ಎಂಜಿನ್ ಸ್ವಲ್ಪ ಮಂದವಾಗಬಹುದೇ ಹೊರತು ಕುಂಟುವುದಿಲ್ಲ.

ಕುಂಟುತ್ತಿದ್ದರೆ ಕಾರಣ ಬೇರೆ. ಅದಲುಬದಲಾದ ಪ್ಲಗ್ ವೈರ್ ಸಾವಿರ ಕಿಲೋಮೀಟರ್ ಓಡಿದ ಮೇಲೂ ಅದಲುಬದಲಾಗಿಯೇ ಇರುತ್ತದೆ. ಒಂದು ಹಲ್ಲು ತಪ್ಪಿ ಕೂತ ಬೆಲ್ಟ್ ತಾನಾಗಿ ಹಿಂದಕ್ಕೆ ಜಾರಿ ಸರಿಯಾಗಿ ಕೂರುವುದಿಲ್ಲ.

ಕಾಯುತ್ತಾ ಓಡಿಸಿದರೆ ನಷ್ಟವೇನು?

ಮಿಸ್ ಹೊಡೆಯುವ ಸಿಲಿಂಡರ್‌ಗೂ ಪೆಟ್ರೋಲ್ ಹೋಗುತ್ತಲೇ ಇರುತ್ತದೆ. ಉರಿಯದ ಪೆಟ್ರೋಲ್ ಗೋಡೆಯ ಮೇಲಿನ ತೆಳುವಾದ ಆಯಿಲ್ ಪದರವನ್ನು ತೊಳೆದುಹಾಕುತ್ತದೆ. ರಿಂಗ್ ಇನ್ನೂ ಹೊಂದಿಕೊಳ್ಳುತ್ತಿರುವ ಹೊತ್ತಿನಲ್ಲೇ ಒಣ ಗೋಡೆಯ ಮೇಲೆ ಉಜ್ಜುತ್ತದೆ. ತೊಳೆದುಹೋದ ಪೆಟ್ರೋಲ್ ಕೆಳಗಿಳಿದು ಸಂಪ್‌ನಲ್ಲಿರುವ ಆಯಿಲ್‌ಗೆ ಬೆರೆತು ಅದನ್ನು ತೆಳುವಾಗಿಸುತ್ತದೆ, ಬೇರಿಂಗ್‌ಗಳಿಗೂ ಏಟು ಬೀಳುತ್ತದೆ. ಆಯಿಲ್ ಕಡ್ಡಿ ತೆಗೆದು ಮೂಸಿದಾಗ ಪೆಟ್ರೋಲ್ ವಾಸನೆ ಗಾಢವಾಗಿದ್ದರೆ, ಮಟ್ಟ ಏರಿದ್ದರೆ, ಇನ್ನು ಓಡಿಸಬೇಡಿ. ದೋಷ ಸರಿಪಡಿಸಿ ಆಯಿಲ್ ಬದಲಿಸಿದ ಮೇಲೆಯೇ ಗಾಡಿ ರಸ್ತೆಗಿಳಿಯಲಿ.

ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಕಾರುಗಳಲ್ಲಿ ನಷ್ಟ ಇನ್ನೂ ದೊಡ್ಡದು. ಸಿಲಿಂಡರ್‌ನಲ್ಲಿ ಉರಿಯದ ಪೆಟ್ರೋಲ್ ಕನ್ವರ್ಟರ್ ಒಳಗೆ ಉರಿದು, ಅದರ ಜೇನುಗೂಡಿನಂಥ ಪಿಂಗಾಣಿ ಭಾಗ ಕರಗುವಷ್ಟು ಬಿಸಿಯಾಗಬಹುದು. ನೂರಿನ್ನೂರು ರೂಪಾಯಿಯ ಗ್ಯಾಸ್ಕೆಟ್ ನೋಡದೆ ಬಿಟ್ಟದ್ದಕ್ಕೆ ಹತ್ತಾರು ಸಾವಿರದ ದಂಡ ತೆರಬೇಕಾದೀತು.

ಯಾವ ಕ್ರಮದಲ್ಲಿ ಹುಡುಕಬೇಕು?

ನಿಯಮ ಸರಳ. ಬಿಚ್ಚದೆ ನೋಡಬಹುದಾದ್ದು ಮೊದಲು, ಒಂದೆರಡು ಬೋಲ್ಟ್ ತೆಗೆದು ನೋಡಬಹುದಾದ್ದು ಆಮೇಲೆ, ಹೆಡ್ ಇಳಿಸುವುದು ಕಟ್ಟಕಡೆಗೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಪ್ಲಗ್, ವೈರ್, ಕಾರ್ಬೊರೇಟರ್ ಎಲ್ಲ ಒಟ್ಟಿಗೆ ಬದಲಿಸಿದರೆ ದೋಷ ಯಾವುದರಲ್ಲಿತ್ತು ಎಂದು ಕೊನೆಗೂ ಗೊತ್ತಾಗುವುದಿಲ್ಲ.

1. ಕಣ್ಣಿಗೆ ಕಾಣುವುದು. ಬಾನೆಟ್ ಅಡಿಯಲ್ಲಿ, ಓಮ್ನಿಯಾದರೆ ಮುಂದಿನ ಸೀಟಿನಡಿಯಲ್ಲಿ, ಟಾರ್ಚ್ ಹಿಡಿದು ನೋಡಿ. ಎಲ್ಲೂ ಸೇರದೆ ಬಾಯಿ ತೆರೆದುಕೊಂಡಿರುವ ರಬ್ಬರ್ ಪೈಪ್ ಇದೆಯೇ? ಅರ್ಧ ಕೂತ ಕನೆಕ್ಟರ್ ಇದೆಯೇ? ಎಂಜಿನ್‌ನಿಂದ ಬಾಡಿಗೆ ಹೋಗುವ ಅರ್ಥಿಂಗ್ ಪಟ್ಟಿಯನ್ನು ಮರೆಯದೆ ನೋಡಿ. ಎಂಜಿನ್ ಇಳಿಸುವಾಗ ತೆಗೆದದ್ದನ್ನು ಮತ್ತೆ ಹಾಕುವಾಗ ಮರೆಯುವುದು, ಬಣ್ಣದ ಮೇಲೆ ಅಥವಾ ತುಕ್ಕಿನ ಮೇಲೆ ಬಿಗಿಯುವುದು ಹೊಸದಲ್ಲ. ಆಗ ಸ್ಟಾರ್ಟರ್ ನಿಧಾನವಾಗಿ ತಿರುಗುತ್ತದೆ, ಕಿಡಿ ಸೊರಗುತ್ತದೆ, ಆಕ್ಸಿಲರೇಟರ್ ಕೇಬಲ್ ಕೂಡ ಬಿಸಿಯಾಗಬಹುದು, ಏಕೆಂದರೆ ಬೇರೆ ದಾರಿ ಇಲ್ಲದ ವಿದ್ಯುತ್ ಅದರಲ್ಲೇ ಹರಿಯುತ್ತದೆ.

2. ಕಿಡಿಯ ಸರದಿ. ಪ್ಲಗ್ ವೈರ್‌ಗಳು ಯಾವ ಕ್ರಮದಲ್ಲಿವೆ ನೋಡಿ. ಅಂಬಾಸಿಡರ್, ಪದ್ಮಿನಿಯಲ್ಲಿ ಕಿಡಿಯ ಸರದಿ 1-3-4-2. ಮಾರುತಿಯ ಮೂರು ಸಿಲಿಂಡರ್ ಎಂಜಿನ್‌ನಲ್ಲಿ 1-3-2. ಎರಡು ವೈರ್ ಅದಲುಬದಲಾದರೆ ಆ ಎರಡು ಸಿಲಿಂಡರ್‌ಗಳೂ ಕೆಲಸ ಮಾಡುವುದಿಲ್ಲ, ಜೊತೆಗೆ ಬ್ಯಾಕ್‌ಫೈರ್. ಹೊಸ ಪ್ಲಗ್ ಎಂದಮಾತ್ರಕ್ಕೆ ಸರಿಯಾಗಿದೆ ಎಂದುಕೊಳ್ಳಬೇಡಿ. ಜೋಡಿಸುವಾಗ ಕೈಜಾರಿ ಬಿದ್ದು ಪಿಂಗಾಣಿ ಕೂದಲೆಳೆಯಷ್ಟು ಸೀಳಿದ್ದರೂ ಕಿಡಿ ಅಲ್ಲಿಂದಲೇ ಸೋರುತ್ತದೆ. ಇಂಜೆಕ್ಷನ್ ಇರುವ ಕಾರುಗಳಲ್ಲಿ ಒಂದೇ ಆಕಾರದ ಕನೆಕ್ಟರ್‌ಗಳು ಅದಲುಬದಲಾಗಿವೆಯೇ ಎಂದೂ ನೋಡಬೇಕು.

3. ಯಾವ ಸಿಲಿಂಡರ್ ಮಲಗಿದೆ? ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಒಂದೊಂದೇ ಸಿಲಿಂಡರನ್ನು ನಿಲ್ಲಿಸಿ ನೋಡುವುದು ಹಳೆಯ, ನಂಬಿಕೆಯ ಪರೀಕ್ಷೆ. ಕೆಲಸ ಮಾಡುತ್ತಿರುವ ಸಿಲಿಂಡರ್ ನಿಂತರೆ ಎಂಜಿನ್ ಮತ್ತಷ್ಟು ಕುಗ್ಗುತ್ತದೆ. ಯಾವುದನ್ನು ನಿಲ್ಲಿಸಿದರೂ ಏನೂ ಬದಲಾಗುವುದಿಲ್ಲವೋ ಅದೇ ಮಲಗಿರುವ ಸಿಲಿಂಡರ್. ಇದನ್ನು ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ. ಪ್ಲಗ್ ವೈರ್‌ನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಕಳಚಿದ ವೈರನ್ನು ಅರ್ಥ್ ಮಾಡದೆ ಗಾಳಿಯಲ್ಲಿ ಬಿಟ್ಟರೆ ಎಲೆಕ್ಟ್ರಾನಿಕ್ ಇಗ್ನಿಷನ್ ಸುಟ್ಟುಹೋಗಬಹುದು. ಇತ್ತೀಚಿನ ಕಾರುಗಳಲ್ಲಿ ಸ್ಕ್ಯಾನರ್ ಇದನ್ನು ಸುಲಭ ಮಾಡಿದೆ. ಪಿ0301 ಎಂದರೆ ಮೊದಲ ಸಿಲಿಂಡರ್‌ನಲ್ಲಿ ಮಿಸ್‌ಫೈರ್, ಪಿ0302 ಎಂದರೆ ಎರಡನೆಯದರಲ್ಲಿ. ಪಿ0171 ಎಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಪಿ0016 ಎಂದರೆ ಕ್ರ್ಯಾಂಕ್ ಮತ್ತು ಕ್ಯಾಮ್ ನಡುವಿನ ಹೊಂದಾಣಿಕೆ ತಪ್ಪಿದೆ.

ಒಂದೇ ಸಿಲಿಂಡರ್ ಮಲಗಿದ್ದರೆ ಅದರ ಪ್ಲಗ್, ವೈರ್, ವಾಲ್ವ್, ಇಂಜೆಕ್ಟರ್ ಕಡೆ ನೋಡಬೇಕು. ಮೂರೂ ಸಮನಾಗಿ ಕುಂಟುತ್ತಿದ್ದರೆ ದೋಷ ಎಲ್ಲಕ್ಕೂ ಸೇರಿದ್ದು: ಟೈಮಿಂಗ್, ಕಾರ್ಬೊರೇಟರ್, ಗಾಳಿ ಸೋರಿಕೆ. ಈ ಒಂದು ಪರೀಕ್ಷೆಯಿಂದಲೇ ಹುಡುಕಾಟದ ಅರ್ಧ ಕೆಲಸ ಮುಗಿಯುತ್ತದೆ.

4. ಕದ್ದು ನುಗ್ಗುವ ಗಾಳಿ. ಪೆಟ್ರೋಲ್ ಚೆನ್ನಾಗಿ ಉರಿಯಲು ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲ್‌ಗೆ ಸುಮಾರು 14.7 ಪಾಲು ಗಾಳಿ ಬೇಕು. ಇನ್‌ಟೇಕ್ ಮ್ಯಾನಿಫೋಲ್ಡ್‌ನ ಗ್ಯಾಸ್ಕೆಟ್ ಸರಿಯಾಗಿ ಕೂರದಿದ್ದರೆ, ಕಾರ್ಬೊರೇಟರ್ ಬುಡದ ನಟ್ ಸಡಿಲವಿದ್ದರೆ ಅಥವಾ ಬ್ರೇಕ್ ಬೂಸ್ಟರ್‌ನ ಪೈಪ್ ಬಿರುಕು ಬಿಟ್ಟಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ. ಲಕ್ಷಣ ಹೀಗಿರುತ್ತದೆ: ಐಡ್ಲಿಂಗ್‌ನಲ್ಲಿ ನಡುಕ, ವೇಗ ಹಿಡಿದರೆ ಮುಕ್ಕಾಲು ಪಾಲು ಸರಿ. ಐಡ್ಲಿಂಗ್‌ನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಸ್ವಲ್ಪ, ಹಾಗಾಗಿ ಕಳ್ಳಗಾಳಿಯ ಪಾಲು ಅಲ್ಲಿ ದೊಡ್ಡದಾಗಿ ಕಾಣುತ್ತದೆ. ಸ್ಪ್ರೇ ಬಾಟಲಿಯಲ್ಲಿ ನೀರು ತುಂಬಿ, ಡಿಸ್ಟ್ರಿಬ್ಯೂಟರ್ ಮತ್ತು ವೈರ್‌ಗಳಿಗೆ ತಾಗದಂತೆ, ಮ್ಯಾನಿಫೋಲ್ಡ್‌ನ ಕೂಡುಗಳ ಮೇಲೆ ಚಿಮುಕಿಸಿದಾಗ ಎಂಜಿನ್ ಸದ್ದು ಬದಲಾದರೆ ಸೋರಿಕೆ ಅಲ್ಲೇ. ಕೆಲವರು ಇದಕ್ಕೆ ಪೆಟ್ರೋಲ್ ಅಥವಾ ಕಾರ್ಬೊರೇಟರ್ ಕ್ಲೀನರ್ ಬಳಸುತ್ತಾರೆ. ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಅದು ಬೆಂಕಿಯ ಜೊತೆ ಸರಸ.

5. ಟ್ಯಾಪೆಟ್. ವಾಲ್ವ್ ಗ್ರೈಂಡ್ ಮಾಡಿದಾಗ ವಾಲ್ವ್ ತನ್ನ ಸೀಟಿನಲ್ಲಿ ಸ್ವಲ್ಪ ಆಳಕ್ಕೆ ಕೂರುತ್ತದೆ, ಅದರ ಇನ್ನೊಂದು ತುದಿ ಅಷ್ಟೇ ಮೇಲೇಳುತ್ತದೆ. ಅಲ್ಲಿ ಬಿಡಬೇಕಾದ ಕೂದಲೆಳೆಯಷ್ಟು ಸಂದು ಕಡಿಮೆಯಾಗುತ್ತದೆ. ಎಂಜಿನ್ ಬಿಸಿಯಾದಾಗ ವಾಲ್ವ್ ಹಿಗ್ಗಿ ಆ ಸಂದು ಪೂರ್ತಿ ಮಾಯವಾದರೆ ವಾಲ್ವ್ ಬಾಯಿ ಮುಚ್ಚುವುದೇ ಇಲ್ಲ. ಬೆಳಿಗ್ಗೆ ತಣ್ಣಗಿರುವಾಗ ಚೆನ್ನಾಗಿ ಓಡಿ, ಬಿಸಿಯಾದ ಮೇಲೆ ಮಿಸ್ ಹೊಡೆಯುವ ಗಾಡಿಯಲ್ಲಿ ಮೊದಲು ನೋಡಬೇಕಾದ್ದು ಇದನ್ನೇ. ಫೀಲರ್ ಗೇಜ್ ಇದ್ದರೆ ಅರ್ಧ ಗಂಟೆಯ ಕೆಲಸ. ಅಳತೆಯನ್ನು ನಿಮ್ಮ ಮಾಡೆಲ್‌ನ ಮ್ಯಾನುಯಲ್ ನೋಡಿಯೇ ಇಡಬೇಕು.

6. ಟೈಮಿಂಗ್. ಕ್ರ್ಯಾಂಕ್‌ನ ಗಾಲಿಯಲ್ಲಿ 20 ಹಲ್ಲುಗಳಿದ್ದರೆ ಒಂದು ಹಲ್ಲು ಎಂದರೆ 18 ಡಿಗ್ರಿ. ಬೆಲ್ಟ್ ಒಂದೇ ಹಲ್ಲು ತಪ್ಪಿದರೂ ವಾಲ್ವ್‌ಗಳು ಅಷ್ಟು ಬೇಗ ಅಥವಾ ತಡವಾಗಿ ತೆರೆಯುತ್ತವೆ. ಗಾಡಿ ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಆದರೆ ಪಿಕಪ್ ಇರುವುದಿಲ್ಲ, ಬೇಗ ಬಿಸಿಯಾಗುತ್ತದೆ. ಇಲ್ಲೊಂದು ಮೋಸವಿದೆ. ಡಿಸ್ಟ್ರಿಬ್ಯೂಟರನ್ನು ಕ್ಯಾಮ್‌ಶಾಫ್ಟೇ ತಿರುಗಿಸುವ ಎಂಜಿನ್‌ಗಳಲ್ಲಿ ಬೆಲ್ಟ್ ತಪ್ಪಿದರೆ ಕಿಡಿಯ ಸಮಯವೂ ತಪ್ಪುತ್ತದೆ. ಮೆಕ್ಯಾನಿಕ್ ಡಿಸ್ಟ್ರಿಬ್ಯೂಟರ್ ತಿರುಗಿಸಿ ಟೈಮಿಂಗ್ ಲೈಟ್‌ನಲ್ಲಿ ಗುರುತು ಕೂಡಿಸುತ್ತಾರೆ. ಕಿಡಿ ಸರಿಹೋಯಿತು, ವಾಲ್ವ್ ಮಾತ್ರ ತಪ್ಪಾಗಿಯೇ ಉಳಿಯಿತು. ಆದ್ದರಿಂದ ಬೆಲ್ಟ್ ಕವರ್ ತೆಗೆದು, ಕ್ರ್ಯಾಂಕನ್ನು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ, ಎರಡೂ ಗುರುತು ಮತ್ತೆ ಕೂಡುತ್ತವೆಯೇ ಎಂದು ನೋಡಲೇಬೇಕು.

7. ನೀರಿನಲ್ಲಿ ಸಿಕ್ಕಿದ ಗಾಳಿ. ರಿಪೇರಿ ಆದ ಮೇಲೆ ಕೂಲಂಟ್ ತುಂಬುವಾಗ ಹೆಡ್ ಒಳಗೆ ಗಾಳಿಗುಳ್ಳೆ ಉಳಿದರೆ ಎಂಜಿನ್ ಒಂದೇ ಕಡೆ ಕಾಯುತ್ತದೆ. ಉಷ್ಣತೆಯ ಸೆನ್ಸರ್ ಗಾಳಿಯಲ್ಲಿ ನಿಂತರೆ ಮೀಟರೂ ಸುಳ್ಳು ಹೇಳುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಮಟ್ಟ ನೋಡಿ. ಬಿಸಿ ಇರುವಾಗ ಮುಚ್ಚಳ ತೆಗೆಯಲೇಬೇಡಿ.

ಕಂಪ್ರೆಷನ್ ಪರೀಕ್ಷೆ ಮತ್ತು ಬೆಂಗಳೂರಿನ ಎತ್ತರ

ಮೇಲಿನದೆಲ್ಲ ಸರಿಯಿದ್ದೂ ದೋಷ ಉಳಿದರೆ ಆಗ ಕಂಪ್ರೆಷನ್ ಅಳೆಯಬೇಕು. ಎಲ್ಲ ಪ್ಲಗ್ ತೆಗೆದು, ಕಿಡಿ ಮತ್ತು ಪೆಟ್ರೋಲ್ ನಿಲ್ಲಿಸಿ, ಆಕ್ಸಿಲರೇಟರ್ ಪೂರ್ತಿ ತುಳಿದು ಸ್ಟಾರ್ಟರ್ ತಿರುಗಿಸಿದಾಗ ಗೇಜ್ ತೋರುವ ಅಂಕಿಯೇ ಕಂಪ್ರೆಷನ್. ಬ್ಯಾಟರಿ ಗಟ್ಟಿಯಾಗಿರಬೇಕು, ಎಂಜಿನ್ ಬೆಚ್ಚಗಿರಬೇಕು.

ಬೆಂಗಳೂರಿನವರು ಇಲ್ಲಿ ಒಂದು ಲೆಕ್ಕ ತಿಳಿದಿರಬೇಕು. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಸಮುದ್ರದ ದಡದಲ್ಲಿ ಗಾಳಿಯ ಒತ್ತಡ ಸುಮಾರು 14.7 ಪಿಎಸ್‌ಐ ಇದ್ದರೆ ಇಲ್ಲಿ ಸುಮಾರು 13.2. ಅಂದರೆ ಹತ್ತರಲ್ಲಿ ಒಂದು ಪಾಲು ಕಡಿಮೆ. ಸಿಲಿಂಡರ್‌ಗೆ ಬರುವ ಗಾಳಿಯೇ ತೆಳುವಾಗಿರುವಾಗ ಅದನ್ನು ಅದುಮಿದಾಗ ಬರುವ ಒತ್ತಡವೂ ಅಷ್ಟೇ ಪಾಲು ಕಡಿಮೆ. ಮಂಗಳೂರಿನಲ್ಲಿ 180 ತೋರಿಸುವ ಎಂಜಿನ್ ಬೆಂಗಳೂರಿನಲ್ಲಿ ಸುಮಾರು 162 ತೋರಿಸುತ್ತದೆ. ಎಂಜಿನ್‌ನಲ್ಲಿ ಯಾವ ದೋಷವೂ ಇಲ್ಲ. ಮ್ಯಾನುಯಲ್‌ನಲ್ಲಿ ಸಮುದ್ರಮಟ್ಟದ ಅಂಕಿ ಇದ್ದು ಅದನ್ನು ನೇರವಾಗಿ ಹೋಲಿಸಿ ‘ರಿಂಗ್ ಹೋಗಿದೆ, ಮತ್ತೆ ಬಿಚ್ಚಬೇಕು’ ಎಂದು ತೀರ್ಮಾನಿಸಿದರೆ ಸರಿಯಿರುವ ಎಂಜಿನ್ ಅನ್ಯಾಯವಾಗಿ ಮೇಜಿನ ಮೇಲೆ ಬರುತ್ತದೆ. ವ್ಯಾಕ್ಯೂಮ್ ಗೇಜ್‌ಗೂ ಇದೇ ಮಾತು. ದಡದಲ್ಲಿ 18ರಿಂದ 20 ಇಂಚು ತೋರಿಸುವ ಎಂಜಿನ್ ಇಲ್ಲಿ 15ರಿಂದ 17 ತೋರಿಸಿದರೆ ಅದು ಸಹಜ.

ಹಾಗಾಗಿ ಒಟ್ಟು ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸವೇ ಮುಖ್ಯ. 160, 158, 162 ಬಂದರೆ ನೆಮ್ಮದಿ. 160, 158, 105 ಬಂದರೆ ಮೂರನೆಯದರಲ್ಲಿ ಸೋರಿಕೆ ಇದೆ. ಆ ಸಿಲಿಂಡರ್‌ಗೆ ಒಂದು ಟೀ ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಅಂಕಿ ಚೆನ್ನಾಗಿ ಏರಿದರೆ ಸೋರಿಕೆ ರಿಂಗ್ ಕಡೆ, ಏಕೆಂದರೆ ಆಯಿಲ್ ಆ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಕಡೆ. ಅಕ್ಕಪಕ್ಕದ ಎರಡೂ ಸಿಲಿಂಡರ್ ಕಡಿಮೆ ತೋರಿಸಿದರೆ ಅವುಗಳ ನಡುವಿನ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ.

ಇನ್ನೂ ಖಚಿತವಾಗಬೇಕೆಂದರೆ ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಟ್ಟು ಕಿವಿಗೊಡುವ ಪರೀಕ್ಷೆ ಇದೆ. ಪಿಸ್ಟನ್ ಮೇಲಿನ ತುದಿಯಲ್ಲಿ, ಎರಡೂ ವಾಲ್ವ್ ಮುಚ್ಚಿರುವಾಗ ಗಾಳಿ ಬಿಟ್ಟರೆ ಅದು ಸೋರುವ ಜಾಗದಿಂದಲೇ ‘ಸುಸ್’ ಎನ್ನುತ್ತದೆ. ಕಾರ್ಬೊರೇಟರ್‌ನಲ್ಲಿ ಕೇಳಿಸಿದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರ್‌ನಲ್ಲಿ ಕೇಳಿಸಿದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಹಾಕುವ ಬಾಯಲ್ಲಿ ಜೋರಾಗಿ ಕೇಳಿಸಿದರೆ ರಿಂಗ್, ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ಹೆಡ್ ಇಳಿಸಬೇಕೇ ಬೇಡವೇ ಎಂಬುದು ಈಗ ಊಹೆಯ ಮಾತಲ್ಲ.

ಪೇಟೆಯ ಟ್ರಾಫಿಕ್‌ನಲ್ಲಿ ರನ್ನಿಂಗ್-ಇನ್ ಆಗುತ್ತದೆಯೇ?

ದೋಷ ಸರಿಹೋದ ಮೇಲೆ ರಿಂಗ್ ಸೆಟ್ ಆಗುವ ವಿಷಯಕ್ಕೆ ಬರೋಣ. ಹೊಸ ಎಂಜಿನ್‌ಗೆ ನೋವಾಗದಂತೆ ಮೆಲ್ಲಗೆ, ಬಹಳ ಹೊತ್ತು ಐಡ್ಲಿಂಗ್‌ನಲ್ಲಿ ಬಿಡಬೇಕು ಎಂಬ ನಂಬಿಕೆ ಇದೆ. ವಿಜ್ಞಾನ ಹೇಳುವುದು ಬೇರೆ. ರಿಂಗನ್ನು ಗೋಡೆಗೆ ಒತ್ತುವುದು ಅದರ ಸ್ವಂತ ಸ್ಪ್ರಿಂಗ್ ಬಲ ಮಾತ್ರವಲ್ಲ. ಉರಿದ ಅನಿಲ ರಿಂಗ್‌ನ ಹಿಂಬದಿಗೆ ಹೋಗಿ ಅದನ್ನು ಹೊರಕ್ಕೆ ದೂಡುತ್ತದೆ. ಎಂಜಿನ್ ಮೇಲೆ ಹದವಾದ ಭಾರ ಬಿದ್ದಾಗ ಮಾತ್ರ ಆ ಒತ್ತಡ ಸಾಕಷ್ಟು ಇರುತ್ತದೆ. ಗಂಟೆಗಟ್ಟಲೆ ಐಡ್ಲಿಂಗ್‌ನಲ್ಲಿ ನಿಂತರೆ ಒತ್ತಡ ಸಾಲದೆ ಗೋಡೆಯ ಮೇಲೆ ಆಯಿಲ್ ಸುಟ್ಟು ಗಾಜಿನಂಥ ಪದರ ಕಟ್ಟುತ್ತದೆ, ಗೀರುಗಳು ಮುಚ್ಚಿಹೋಗುತ್ತವೆ, ರಿಂಗ್ ಮತ್ತೆ ಹೊಂದಿಕೊಳ್ಳುವುದು ಕಷ್ಟ.

ಅಕ್ಕಿಪೇಟೆ, ಬಳೇಪೇಟೆ, ಚಿಕ್ಕಪೇಟೆಯ ಗಲ್ಲಿಗಳಲ್ಲಿ ಹತ್ತಡಿ ಹೋಗಿ ಐದು ನಿಮಿಷ ನಿಲ್ಲುವ ಓಡಾಟ ಹಾಗಾಗಿ ರನ್ನಿಂಗ್-ಇನ್‌ಗೆ ತೀರಾ ಕೆಟ್ಟದ್ದು. ಅದರ ಬದಲು ಒಂದೆರಡು ಭಾನುವಾರ ಬೆಳಗಿನ ಜಾವ ಸಿರ್ಸಿ ವೃತ್ತ ದಾಟಿ ಮೈಸೂರು ರಸ್ತೆಯಲ್ಲಿ ಕೆಂಗೇರಿ, ಬಿಡದಿ ಕಡೆಗೆ ಹೋಗಿ ಬನ್ನಿ. ಎಂಜಿನ್ ಬೆಚ್ಚಗಾದ ಮೇಲೆ ವೇಗವನ್ನು ಏರಿಸಿ, ಆಕ್ಸಿಲರೇಟರ್ ಬಿಟ್ಟು ಗೇರ್‌ನಲ್ಲೇ ಇಳಿಯಲು ಬಿಡಿ, ಮತ್ತೆ ಏರಿಸಿ. ಒಂದೇ ವೇಗದಲ್ಲಿ ಬಹಳ ದೂರ ಹೋಗಬೇಡಿ. ದೊಡ್ಡ ಗೇರ್‌ನಲ್ಲಿ ಎಂಜಿನ್ ಮುಕ್ಕುವಂತೆ ಎಳೆಸಬೇಡಿ, ಕೂಗುವಂತೆ ತಿರುಗಿಸಲೂ ಬೇಡಿ. ಮೊದಲ ದಿನಗಳಲ್ಲಿ ಪೂರ್ತಿ ಮಾಲು ಹೇರಬೇಡಿ. ತೇಯ್ದ ಲೋಹದ ಪುಡಿ ಆಯಿಲ್‌ನಲ್ಲೇ ಇರುವುದರಿಂದ 500ರಿಂದ 1,000 ಕಿಲೋಮೀಟರ್ ಒಳಗೆ ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಬದಲಿಸಿ. ಹಳೆಯ ಎಂಜಿನ್‌ಗಳಲ್ಲಿ ಹೆಡ್ ಬೋಲ್ಟ್‌ಗಳನ್ನು ಮತ್ತೊಮ್ಮೆ ಅಳತೆಗೆ ಬಿಗಿಯಬೇಕಾಗುತ್ತದೆ. ಹೊಸ ಬಗೆಯ ಎಂಜಿನ್‌ಗಳಲ್ಲಿ ಹಾಗೆ ಬಿಗಿಯುವುದೇ ತಪ್ಪಾಗಬಹುದು. ಮ್ಯಾನುಯಲ್ ಹೇಳಿದಂತೆ ನಡೆಯಿರಿ.

ಪೆಟ್ರೋಲ್ ಕೂಡ ಬದಲಾಗಿದೆ

ಎರಡು ಮೂರು ವರ್ಷ ನಿಂತಿದ್ದ ಗಾಡಿಯನ್ನು ಈಗ ಬೋರ್ ಮಾಡಿಸಿದ್ದರೆ ಇನ್ನೊಂದು ಸಂಗತಿ ಗಮನಿಸಿ. ಇಂದು ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಒಂದು ಪಾಲು ಪೆಟ್ರೋಲ್‌ಗೆ 14.7 ಪಾಲು ಗಾಳಿ ಬೇಕಾದರೆ ಒಂದು ಪಾಲು ಎಥೆನಾಲ್‌ಗೆ ಸುಮಾರು 9 ಪಾಲು ಸಾಕು. ಆದ್ದರಿಂದ ಹಳೆಯ ಕಾರ್ಬೊರೇಟರ್ ಹಳೆಯ ಅಳತೆಯಲ್ಲೇ ಇದ್ದರೆ ಎಂಜಿನ್‌ಗೆ ಇಂಧನ ಸಾಲದೆ ಮುಗ್ಗರಿಸಬಹುದು. ಇಂಜೆಕ್ಷನ್ ಕಾರುಗಳಲ್ಲಿ ಕಂಪ್ಯೂಟರ್ ಇದನ್ನು ಬಹುಮಟ್ಟಿಗೆ ತಾನೇ ಸರಿದೂಗಿಸುತ್ತದೆ. ಎಥೆನಾಲ್‌ಗೆ ಒಗ್ಗದ ಹಳೆಯ ರಬ್ಬರ್ ಪೈಪ್‌ಗಳು ಉಬ್ಬಿ ಬಿರುಕು ಬಿಡುತ್ತವೆ. ಪೆಟ್ರೋಲ್ ಪೈಪ್‌ಗಳನ್ನು ಬದಲಿಸುವುದು ಸಣ್ಣ ಖರ್ಚು, ಬೆಂಕಿಯ ಅಪಾಯ ತಪ್ಪಿಸುವ ದೊಡ್ಡ ಕೆಲಸ.

ಇನ್ನೂ ಕೆಲವು ನಂಬಿಕೆಗಳು

‘ಟ್ಯಾಪೆಟ್ ಸದ್ದೇ ಬರಬಾರದು.’ ಸಂದು ಸರಿಪಡಿಸುವ ಹಳೆಯ ಎಂಜಿನ್‌ಗಳಲ್ಲಿ ಮೆಲ್ಲನೆಯ ‘ಟಿಕ್ ಟಿಕ್’ ಇದ್ದರೆ ಭಯವಿಲ್ಲ. ಸದ್ದು ಅಡಗಿಸಲು ಬಿಗಿ ಮಾಡಿದರೆ ವಾಲ್ವ್ ಸುಡುತ್ತದೆ. ಹೆಚ್ಚು ಸಂದು ಸದ್ದು ಮಾಡಿ ಎಚ್ಚರಿಸುತ್ತದೆ, ಕಡಿಮೆ ಸಂದು ಸದ್ದಿಲ್ಲದೆ ಕೊಲ್ಲುತ್ತದೆ.

‘ಒಮ್ಮೆ ಬಿಚ್ಚಿದ ಎಂಜಿನ್ ಮೊದಲಿನ ಹಾಗೆ ಆಗುವುದಿಲ್ಲ.’ ಅಳತೆ ಸರಿಯಾಗಿ ಹಿಡಿದು, ಒಳಗೆ ಕಸ, ಪುಡಿ ಉಳಿಯದಂತೆ ತೊಳೆದು ಜೋಡಿಸಿದ ಎಂಜಿನ್ ಚೆನ್ನಾಗಿಯೇ ಓಡುತ್ತದೆ. ಲಾರಿ, ಬಸ್ಸುಗಳ ಎಂಜಿನ್‌ಗಳನ್ನು ಬಿಚ್ಚಿ ಜೋಡಿಸಿ ಲಕ್ಷಗಟ್ಟಲೆ ಕಿಲೋಮೀಟರ್ ಓಡಿಸುವುದು ಇದಕ್ಕೆ ಸಾಕ್ಷಿ.

‘ಬಿಳಿ ಹೊಗೆ ಬಂದರೆ ಏನೂ ಆಗಲ್ಲ, ನೀರಿನ ಆವಿ.’ ಚಳಿಯ ಬೆಳಿಗ್ಗೆ ಎರಡು ನಿಮಿಷ ಬಂದು ನಿಂತರೆ ಅದು ಆವಿಯೇ. ಬಿಸಿಯಾದ ಮೇಲೂ ದಟ್ಟವಾಗಿ, ಸಿಹಿ ವಾಸನೆಯೊಂದಿಗೆ ಬರುತ್ತಿದ್ದರೆ ಕೂಲಂಟ್ ಉರಿಯುತ್ತಿದೆ. ಕಪ್ಪು ಹೊಗೆ ಎಂದರೆ ಪೆಟ್ರೋಲ್ ಹೆಚ್ಚು. ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲ್.

‘ಶಟರ್ ಎಳೆದು ಒಳಗೇ ಸ್ಟಾರ್ಟ್ ಮಾಡಿದರೆ ಸದ್ದು ಸರಿಯಾಗಿ ಕೇಳಿಸುತ್ತೆ.’ ಹೀಗೆ ಮಾತ್ರ ಎಂದಿಗೂ ಮಾಡಬೇಡಿ. ಸರಿಯಾಗಿ ಉರಿಯದ ಎಂಜಿನ್ ಕಾರ್ಬನ್ ಮೊನಾಕ್ಸೈಡ್ ಹೆಚ್ಚು ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಜಾಗದಲ್ಲಿ ತಲೆ ಸುತ್ತುವ ಹೊತ್ತಿಗೆ ಎದ್ದು ಹೊರಬರುವ ಶಕ್ತಿಯೂ ಉಳಿದಿರುವುದಿಲ್ಲ.

ಗ್ಯಾರೇಜಿನಲ್ಲಿ ಏನು ಕೇಳಬೇಕು?

‘ಸರಿ ಮಾಡಿಕೊಡಿ’ ಎಂದಷ್ಟೇ ಹೇಳುವುದಕ್ಕಿಂತ ಲಕ್ಷಣವನ್ನು ಬಿಡಿಸಿ ಹೇಳಿ. ತಣ್ಣಗಿರುವಾಗಲೋ, ಬಿಸಿಯಾದ ಮೇಲೋ? ಐಡ್ಲಿಂಗ್‌ನಲ್ಲೋ, ಏರು ಹತ್ತುವಾಗಲೋ? ಹೊಗೆ ಯಾವ ಬಣ್ಣ? ಇವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಒಳ್ಳೆಯ ಮೆಕ್ಯಾನಿಕ್‌ಗೆ ಅರ್ಧ ದಾರಿ ತೋರಿಸಿದಂತೆ. ಆಮೇಲೆ ಕೇಳಿ: “ಅಣ್ಣಾ, ಯಾವ ಸಿಲಿಂಡರ್ ಕೆಲಸ ಮಾಡ್ತಿಲ್ಲ ಅಂತ ನೋಡಿದ್ರಾ? ಟ್ಯಾಪೆಟ್ ಅಳತೆ ಎಷ್ಟು ಇಟ್ಟಿದ್ದೀರಾ? ಬೆಲ್ಟ್ ಮಾರ್ಕ್ ಇನ್ನೊಂದು ಸಲ ನೋಡೋಣ್ವಾ? ಕಂಪ್ರೆಷನ್ ಎಷ್ಟು ಬಂತು, ಬರೆದುಕೊಡ್ತೀರಾ?” ಕೆಲಸ ಬಲ್ಲವರಿಗೆ ಈ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ. ಬೋರ್‌ನ ಅಳತೆ, ಹಾಕಿದ ಪಿಸ್ಟನ್‌ನ ಓವರ್‌ಸೈಜ್ ಎಷ್ಟು ಎಂಬುದನ್ನು ಬಿಲ್ ಮೇಲೆ ಬರೆಸಿಕೊಳ್ಳಿ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕೊಂಡ ಗ್ಯಾಸ್ಕೆಟ್, ರಿಂಗ್, ಬೆಲ್ಟ್‌ಗಳ ಪೆಟ್ಟಿಗೆಗಳನ್ನು ಎಸೆಯಬೇಡಿ. ತಪ್ಪು ಮಾಡೆಲ್‌ನ ಭಾಗ ಬಂದಿದ್ದರೆ ಪೆಟ್ಟಿಗೆಯ ಮೇಲಿನ ಸಂಖ್ಯೆಯೇ ಹೇಳುತ್ತದೆ.

ಮುಂದಿನ ಸಲ ಯಾರಾದರೂ ‘ಓಡಿಸಿ, ಸೆಟ್ ಆಗುತ್ತೆ’ ಎಂದರೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಎಂಜಿನ್ ಬಿಗಿಯಾಗಿದೆಯೋ, ಕುಂಟುತ್ತಿದೆಯೋ? ಬಿಗಿ ಎನಿಸಿದರೆ ಹದವಾಗಿ ಓಡಿಸಿ, ಹೊತ್ತಿಗೆ ಆಯಿಲ್ ಬದಲಿಸಿ, ಕಾಯಿರಿ. ಕುಂಟುತ್ತಿದ್ದರೆ ಅವತ್ತೇ ನಿಲ್ಲಿಸಿ, ಬಿಚ್ಚಿ ಜೋಡಿಸಿದ ಜಾಗಗಳನ್ನು ಒಂದೊಂದಾಗಿ ನೋಡಿಸಿ.